ದೊಡ್ಡಕ್ಕ ಕಟ್ಟಿದ ಬೀರು

ನಮ್ಮ ಪ್ರಿಂಟಿಂಗ್ ಶೆಡ್ಡಿನಲ್ಲಿ ಹೆಂಗಸರು ನೀರು ಕುಡಿಯುವುದಿಲ್ಲ. ಬಾಯಿ ಒಣಗಿದರೆ ತುಟಿ ಒದ್ದೆ ಮಾಡಿಕೊಳ್ಳುತ್ತೇವೆ, ಅಷ್ಟೇ. ಕುಡಿದರೆ ಹೋಗಬೇಕಾಗುತ್ತದೆ. ಹೋಗಲು ಜಾಗವಿಲ್ಲ.

ಮೊದಲು ಇತ್ತು. ಶೆಡ್ಡಿನ ಹಿಂದೆ ಹೆಂಗಸರಿಗೆಂದೇ ಒಂದು ಕಕ್ಕಸು. ಅದಕ್ಕೆ ಕಿಟಕಿಯಿರಲಿಲ್ಲ, ಅದೇ ನಮ್ಮ ಗ್ರಹಚಾರ. ಬಟ್ಟೆಗೆ ಚಿತ್ರ ಅಚ್ಚುಹಾಕುವ ಸ್ಕ್ರೀನಿಗೆ, ಅಂದರೆ ಫ್ರೇಮಿಗೆ ಬಿಗಿದ ಜಾಲರಿಗೆ, ಮೊದಲು ಹಸಿರು ಕೆಮಿಕಲ್ ಸವರಬೇಕು. ಅದು ಕತ್ತಲಲ್ಲೇ ಒಣಗಬೇಕು. ಬೆಳಕು ಬಿದ್ದರೆ ಗಟ್ಟಿಯಾಗಿ ಕೆಲಸಕ್ಕೆ ಬಾರದು. ಸಾಹುಕಾರರು ಶೆಡ್ಡೆಲ್ಲ ಸುತ್ತಿ ನೋಡಿ, ನಮ್ಮ ಕಕ್ಕಸಿನೊಳಗೆ ಹಲಗೆ ಹಾಸಿ, ಸ್ಕ್ರೀನ್ ಜೋಡಿಸಿ, ಬೀಗ ಹಾಕಿಸಿದರು.

"ನಾವೆಲ್ಲಿಗೆ ಹೋಗೋದು ಸಾರ್?"

"ಬಸ್ ಸ್ಟ್ಯಾಂಡಲ್ಲಿ ಇದೆಯಲ್ಲ. ಊಟದ ಹೊತ್ತಲ್ಲಿ ಹೋಗ್ಬನ್ನಿ. ಮನೇಲೇನು ಇಡೀ ದಿನ ಅಲ್ಲೇ ಕೂತಿರ್ತೀರಾ?"

ಗಂಡಸರು ನಕ್ಕರು. ಅವರಿಗೆ ಹಿತ್ತಲ ಗೋಡೆಯಿತ್ತು.

ನನ್ನ ಪಕ್ಕದ ಮೇಜಿನ ಪುಟ್ಟಿ ತುಂಬಿದ ಬಸುರಿ. ಒಂದು ದಿನ ಅಚ್ಚು ಎಳೆಯುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಬೆಳಗಿನಿಂದ ತಡೆದುಕೊಂಡಿದ್ದುದು ಸೀರೆಯ ಅಂಚಿನಿಂದ ನೆಲಕ್ಕೆ ಹರಿಯಿತು. ಕೆಮಿಕಲ್ ಸವರುವ ದೊಡ್ಡಕ್ಕ ದಡಬಡ ಬಂದವಳೇ ಪಕ್ಕದ ಬಕೆಟ್ಟನ್ನು ಒದ್ದಳು. ನೀರೆಲ್ಲ ಚೆಲ್ಲಿಹೋಯಿತು. "ಅಯ್ಯೋ, ನನ್ನ ಕಾಲಿಗಿಷ್ಟು ಬೆಂಕಿ ಹಾಕ!" ಎಂದು ತನ್ನನ್ನೇ ಬೈದುಕೊಳ್ಳುತ್ತ ನೆಲ ಒರೆಸಿದಳು. ಪುಟ್ಟಿ ತಲೆಯೆತ್ತಲಿಲ್ಲ.

ಅಂದೇ ದೊಡ್ಡಕ್ಕ ಸಾಹುಕಾರರ ಮುಂದೆ ನಿಂತಳು.

"ಒಣಗಿಸೋಕೆ ಬೇರೆ ವ್ಯವಸ್ಥೆ ನಾನೇ ಮಾಡಿಕೊಟ್ರೆ, ನಮ್ಮ ಜಾಗ ನಮಗೆ ಬಿಡ್ತೀರಾ ಸಾರ್?"

"ಮಾಡು ನೋಡೋಣ. ಬಿಟ್ಟೆ ಅಂದ್ರೆ ಬಿಟ್ಟೆ."

ಮನೆಯಲ್ಲಿದ್ದ ಮರದ ಬೀರುವನ್ನು ಅವಳು ಬರಿದು ಮಾಡಿದಳು.

"ಸೀರೆ ಎಲ್ಲಿಡ್ತೀಯೇ?" ಗಂಡ ಕೇಳಿದ.

"ಇರೋ ಸೀರೆಗೆ ಒಂದು ಹಗ್ಗ ಸಾಕು. ನೀವು ಸುತ್ತಿಗೆ ಕೊಡಿ."

ಫ್ರೇಮುಗಳು ಅಡ್ಡಡ್ಡ ಮಲಗುವಂತೆ ಎರಡೂ ಪಕ್ಕೆಗೆ ಪಟ್ಟಿ ಹೊಡೆದಳು. ಕೆಳಗೆ ತೂತು ಕೊರೆದು, ಧೂಳು ಬರದಂತೆ ಹಳೆಯ ಲಂಗದ ಬಟ್ಟೆ ಬಿಗಿದಳು. ಮೇಲೆ ಗಾಳಿಯನ್ನು ಹೊರಗೆಳೆಯುವ ಸಣ್ಣ ಫ್ಯಾನು. ಬಾಗಿಲ ಸಂದಿಗೆ ಕಪ್ಪು ಬಟ್ಟೆ. ಬೆಚ್ಚಗಿರಲಿ ಎಂದು ಒಳಗೆ ಬಲ್ಬು ಹಾಕಿದಳು. ಆ ಬೆಳಕಿಗೇ ಮೊದಲ ಸ್ಕ್ರೀನುಗಳು ಹಾಳಾದವು. "ಕತ್ತಲು ಕಾಯೋಳೇ ದೀಪ ಹಚ್ಚಿದೆನಲ್ಲೇ!" ಎಂದು ಹಣೆ ಚಚ್ಚಿಕೊಂಡು ನಕ್ಕಳು. ಬಲ್ಬು ಕಿತ್ತು, ಗುಜರಿಯಿಂದ ತಂದ ಕೂದಲೊಣಗಿಸುವ ಮೆಷಿನ್ನು ಕೂರಿಸಿದಳು.

ಗಾಡಿಯಲ್ಲಿ ಬೀರು ಶೆಡ್ಡಿಗೆ ಬಂತು. ಅರ್ಧ ದಿನ ಹಿಡಿಯುತ್ತಿದ್ದ ಸ್ಕ್ರೀನುಗಳು ನಾವು ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಒಣಗಿದ್ದವು. ಪುಟ್ಟಿ ಕಣ್ಮುಚ್ಚಿ ಒಂದು ಚೊಂಬು ನೀರು ಗಟಗಟ ಕುಡಿದಳು.

ಸಾಹುಕಾರರು ಬೀರುವಿನ ಬೆನ್ನು ತಟ್ಟಿದರು. "ಭಲೇ! ಇಷ್ಟು ಬೇಗ ಒಣಗುತ್ತೆ ಅಂದ್ರೆ ಇನ್ನೂ ಆರ್ಡರ್ ಹಿಡೀಬಹುದು. ಬೀರೂ ಇರ್ಲಿ, ಆ ಕೋಣೇನೂ ಇರ್ಲಿ."

"ಬಿಡ್ತೀನಿ ಅಂದಿದ್ರಿ ಸಾರ್."

"ಇನ್ನೊಂದು ಬೀರು ಮಾಡು. ಆಗ ನೋಡೋಣ."

ಮೈಯ ಅಗತ್ಯವನ್ನು ಗಂಡಸಿನ ಮುಂದೆ ಬಾಯಿಬಿಟ್ಟು ಹೇಳುವಾಗ ಹೆಂಗಸಿನ ಅರ್ಧ ಜೀವ ನಾಚಿಕೆಗೇ ಹೋಗಿರುತ್ತದೆ. ದೊಡ್ಡಕ್ಕ ಆ ನಾಚಿಕೆಯನ್ನು ನುಂಗಿ ಕೇಳಿದ್ದಳು. ಮತ್ತೆ ಕೇಳಬೇಕು ಎಂದಾಗ ಅವಳ ಮುಖದಲ್ಲಿ ನಾಚಿಕೆ ಕಾಣಲಿಲ್ಲ.

ಕೋಣೆಯ ಕೀ ಅವಳ ಹತ್ತಿರವೇ ಇರುತ್ತಿತ್ತು. ಅದೇ ಮಧ್ಯಾಹ್ನ ಬೀಗ ತೆಗೆದು ಬಾಗಿಲನ್ನು ಪೂರ್ತಿ ತೆರೆದಳು. ಹಸಿ ಸ್ಕ್ರೀನುಗಳನ್ನು ಒಂದೊಂದಾಗಿ ಹೊರತಂದು ಬಿಸಿಲಿನ ಗೋಡೆಗೆ ಒರಗಿಸಿದಳು. ಹಲಗೆಗಳನ್ನೂ ಎತ್ತಿ ಹೊರಗೆಸೆದಳು.

"ಏಯ್! ತಲೆ ಕೆಟ್ಟಿದೆಯಾ? ನಾಳೆ ಕೊಡೋ ಮಾಲಿನ ಸ್ಕ್ರೀನ್ ಕಣೇ ಅವು!" ಸಾಹುಕಾರರು ಓಡಿಬಂದರು.

"ಪುಟ್ಟಿ, ಮೊದಲು ನೀನು ಹೋಗಮ್ಮ."

ಪುಟ್ಟಿ ಹೊಟ್ಟೆ ಹಿಡಿದುಕೊಂಡು ಒಳಹೋದಳು. ಚಿಲಕ ಬಿದ್ದ ಸದ್ದಾಯಿತು. ಬಾಗಿಲು ಬಡಿಯಲು ಸಾಹುಕಾರರು ಕೈಯೆತ್ತಿದರು. ದೊಡ್ಡಕ್ಕ ಬಾಗಿಲಿಗೆ ಬೆನ್ನುಕೊಟ್ಟು ನಿಂತಳು.

"ಒಳಗೆ ಹೆಂಗಸಿದ್ದಾಳೆ ಸಾರ್."

"ನಾಳೆಯಿಂದ ಕೆಲಸಕ್ಕೆ ಬರ್ಬೇಡ ನೀನು!"

"ಆಯ್ತು ಸಾರ್. ಇವತ್ತು ಇದ್ದೀನಲ್ಲ." ಅವಳು ನಮ್ಮ ಕಡೆ ತಿರುಗಿದಳು. "ಮುಂದಿನೋರು ಯಾರ್ರೇ?"

ಒಬ್ಬೊಬ್ಬರಾಗಿ ಹೆಂಗಸರು ಮೇಜು ಬಿಟ್ಟು ಬಂದರು. ನಾನೂ ಕೈಯ ಬಣ್ಣ ಒರೆಸಿಕೊಂಡು ಹೋಗಿ ಸಾಲಿನಲ್ಲಿ ನಿಂತೆ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನನಗೆ ಹೋಗಬೇಕು ಅಂತ ಏನೂ ಇರಲಿಲ್ಲ.