ಅಣ್ಣ ಕೊಟ್ಟ ಮ್ಯಾಗ್ನೆಟ್ಟು

"ತೊಳೆದುಬಿಡು ಅದನ್ನ," ಎಂದರು ಕೋ ಮೇಷ್ಟ್ರು, ಊಟದ ಡಬ್ಬಿಯಲ್ಲಿದ್ದ ಕೋಳಿಕಾಲಿನಿಂದ ಕಣ್ಣೆತ್ತದೆ. "ಚಿನ್ನ ಕರಗಿಸೋ ಆಸಿಡ್ಡಲ್ಲಿ ಅದ್ದು. ಹೊಸದರ ಹಾಗಾಗುತ್ತೆ."

ಪೆಯ್-ರುವಿನ ಅಂಗೈಯಲ್ಲಿದ್ದದ್ದು ಕಡಲೆಕಾಯಿ ಗಾತ್ರದ ಒಂದು ಮ್ಯಾಗ್ನೆಟ್ಟು. ಬಿಳಿಯ ಹೊದಿಕೆಯ ಮೈತುಂಬ ಗೀರು, ಗೀರಿನೊಳಗೆಲ್ಲ ಕಪ್ಪು. ಫ್ಲಾಸ್ಕಿನ ತಳದಲ್ಲಿ ಗಿರಗಿರ ತಿರುಗಿ ದ್ರಾವಣ ಕಲಕುವ ಇಂಥವು ತೈನಾನಿನ ಆ ರಸಾಯನಶಾಸ್ತ್ರ ವಿಭಾಗದಲ್ಲಿ ಡ್ರಾಯರುಗಟ್ಟಲೆ ಇದ್ದವು. ಆದರೆ ಇದು ಲ್ಯಾಬಿನ ಹಿರಿಯ ವಿದ್ಯಾರ್ಥಿಯಾಗಿದ್ದ ತ್ಸೆ-ಹುಂಗ್ ಅಣ್ಣನದು. ಯಾವ ಲೋಹದ ನೆರವೂ ಇಲ್ಲದೆ ಎರಡು ಅಣುಗಳನ್ನು ಬೆಸೆದೆನೆಂದು ದೊಡ್ಡ ಪತ್ರಿಕೆಯಲ್ಲಿ ಬರೆದು, ಡಾಕ್ಟರೇಟ್ ಪಡೆದು ಪರದೇಶಕ್ಕೆ ಹೊರಟ ದಿನ ಅವನೇ ಅವಳ ಕೈಗಿತ್ತಿದ್ದ. ಹೊರಡುವವರು ಕಿರಿಯರಿಗೆ ತಮ್ಮದೊಂದು ಸಾಮಾನು ಕೊಟ್ಟುಹೋಗುವುದು ಆ ಲ್ಯಾಬಿನ ವಾಡಿಕೆ. "ಅದೃಷ್ಟ ಇದೆ ತಂಗಿ ಇದರಲ್ಲಿ," ಎಂದಿದ್ದ.

ಅಂಥ ವಸ್ತುವನ್ನು ದಿನಬಳಕೆಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಯಂತ್ರಗಳು ತಂಟೆ ಮಾಡದಿರಲೆಂದು ಅಲ್ಲಿ ಪ್ರತಿ ಯಂತ್ರದ ನೆತ್ತಿಯ ಮೇಲೂ ತೆಂಗಿನ ರುಚಿಯ ತಿಂಡಿಯದೊಂದು ಹಸಿರು ಪೊಟ್ಟಣ ಇಟ್ಟಿರುತ್ತಾರೆ. ಯಾರೂ ಅದನ್ನು ಒಡೆಯುವುದಿಲ್ಲ. ಆ ಪೊಟ್ಟಣದ ಪಕ್ಕ, ದೇವರ ಮುಂದೆ ಹೂವಿಟ್ಟಂತೆ ಇದನ್ನಿಟ್ಟು, ಕೈಮುಗಿದು, ಹೊಸ ಮ್ಯಾಗ್ನೆಟ್ಟಿನಲ್ಲಿ ಅಣ್ಣನ ಅದೇ ಕ್ರಿಯೆ ಶುರುಮಾಡುತ್ತಿದ್ದಳು. ಮೂರು ವರ್ಷ ಹೀಗೇ ಹೋಯಿತು. ಒಂದು ಸಲವೂ ಅಣುಗಳು ಬೆಸೆದುಕೊಳ್ಳಲಿಲ್ಲ.

"ನಿನ್ನ ಕೈಗುಣ ಸರಿಯಿಲ್ಲ," ಎಂದು ಸೋಮವಾರದ ಸಭೆಯಲ್ಲಿ ಎಲ್ಲರೆದುರು ಅನ್ನುತ್ತಿದ್ದರು ಮೇಷ್ಟ್ರು. ಅದೇ ಮಾತು ಕೇಳಿ ಕೇಳಿ ಸಾಕಾಗಿ, ಅದೇ ಕ್ರಿಯೆಗೆ ಕೈಹಾಕಿದ್ದ ಜೊತೆಯ ಯಾ-ಚಿನ್ ಓದು ಬಿಟ್ಟುಹೋದಳು. ಈಗ ಅಮ್ಮನ ಮೀನುಗಂಜಿಯ ಅಂಗಡಿಯಲ್ಲಿ ಮುಳ್ಳು ಬಿಡಿಸುತ್ತಾಳೆ.

ಮೊನ್ನೆ ತೊಳೆದ ಮ್ಯಾಗ್ನೆಟ್ಟು ಒಂದೂ ಸಿಗದೆ, ತಪ್ಪಾಯಿತೆಂದು ಮನಸ್ಸಿನಲ್ಲೇ ಹೇಳಿಕೊಂಡು ಪೆಯ್-ರು ಇದನ್ನೇ ಹಾಕಿದಳು. ನೋಡನೋಡುತ್ತ ದ್ರಾವಣ ಜೇನಿನ ಬಣ್ಣಕ್ಕೆ ತಿರುಗಿತು. ಅಣುಗಳು ಬೆಸೆದುಕೊಂಡಿದ್ದವು. ಗೀರಿನ ಕಪ್ಪನ್ನು ಪರೀಕ್ಷೆ ಮಾಡಿಸಿದಾಗ ಅದೃಷ್ಟ ಏನೆಂದು ತಿಳಿಯಿತು. ಪಲ್ಲಾಡಿಯಂ, ಅಣುಗಳನ್ನು ಬೆಸೆಯುವ ಲೋಹ. ಅಣ್ಣ ಇದೇ ಮ್ಯಾಗ್ನೆಟ್ಟಿನಲ್ಲಿ ಆ ಪ್ರಬಂಧಕ್ಕೂ ಹಿಂದೆ ಮಾಡಿದ್ದ ಯಾವುದೋ ಕೆಲಸದ ಲೋಹ ಗೀರುಗಳಲ್ಲಿ ಕೂತುಬಿಟ್ಟಿತ್ತು.

"ಮೇಷ್ಟ್ರೇ, ಹಾಗಿದ್ರೆ ಅಣ್ಣನ ಪ್ರಬಂಧವೇ ತಪ್ಪಲ್ವಾ?" ಎಂದಳು ಪೆಯ್-ರು, ಅಂಗೈಯಲ್ಲಿದ್ದುದನ್ನು ಮುಚ್ಚಿ ಹಿಡಿದು.

"ಮೆಲ್ಲಗೆ ಮಾತಾಡು." ಮೇಷ್ಟ್ರು ಬಾಗಿಲ ಕಡೆ ನೋಡಿದರು. "ಇವತ್ತು ತ್ಸೆ-ಹುಂಗ್ ಸಂದರ್ಶನ. ನಮ್ಮ ವಿಭಾಗಕ್ಕೇ ಮೇಷ್ಟ್ರಾಗಿ ಬರ್ತಾನೆ. ನಿನಗೆ ಬೇರೆ ವಿಷಯ ಕೊಡ್ತೀನಿ, ಬರೋ ವರ್ಷ ಥೀಸಿಸ್‌ಗೆ ಸಹಿ ಹಾಕ್ತೀನಿ. ಇನ್ನೇನು ಬೇಕು ನಿಂಗೆ?"

"ನಿಮಗೆ ಆಶ್ಚರ್ಯಾನೇ ಆಗಲಿಲ್ಲವಲ್ಲ."

ಅವರು ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಡಬ್ಬಿಯ ಮೇಲಿಟ್ಟರು. "ಅನುಮಾನ ಇತ್ತು. ಆ ಯಾ-ಚಿನ್ ಹೋದಾಗಿಂದ."

ಪೆಯ್-ರುವಿಗೆ ಮೈಯೆಲ್ಲ ಉರಿದುಹೋಯಿತು. ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಈ ಮನುಷ್ಯ ಪ್ರತಿ ಸೋಮವಾರ ತನ್ನ ಕೈಯನ್ನು ಜರೆದಿದ್ದ. ಅವಳು ಗುಡಿಗೆ ಹೋಗಿ, ಊದುಕಡ್ಡಿ ಹಚ್ಚಿ, ನನ್ನ ಕೈಗೇನಾಗಿದೆ ತಾಯಿ ಎಂದು ಸಮುದ್ರದ ದೇವಿಯನ್ನು ಕೇಳಿದ್ದಳು. ಆ ತಾಯಿ ಸುಮ್ಮನಿದ್ದಳು. ಇಲ್ಲದ ರೋಗಕ್ಕೆ ಅವಳಾದರೂ ಏನು ಹೇಳಿಯಾಳು!

"ಅವರೆಲ್ಲ ಬರೋದರೊಳಗೆ ತೊಳಿ," ಎಂದರು ಮೇಷ್ಟ್ರು.

"ತೊಳೀತೀನಿ ಮೇಷ್ಟ್ರೇ."

ಹೋಗಿ ತೊಳೆದದ್ದು ಎರಡು ಫ್ಲಾಸ್ಕುಗಳನ್ನು.

ಅವುಗಳಲ್ಲಿ ಮ್ಯಾಗ್ನೆಟ್ಟುಗಳು ತಿರುಗತೊಡಗಿದಾಗ ತ್ಸೆ-ಹುಂಗ್ ಅನಾನಸ್ ಕೇಕಿನ ಡಬ್ಬಿ ಹಿಡಿದು ಒಳಗೆ ಬಂದ. ಹೊಸ ಕೋಟು, ಹಳೆಯ ನಗು.

"ಏನ್ ತಂಗಿ, ಇನ್ನೂ ನನ್ನ ಕ್ರಿಯೆ ಹಿಂದೇನೇ ಬಿದ್ದಿದೀಯಾ? ಸ್ವಲ್ಪ ಪ್ರೀತಿಯಿಂದ ಕಲಕಬೇಕಮ್ಮ."

"ಉಪನ್ಯಾಸ ಮುಗಿಸ್ಕೊಂಡು ಬಾ ಅಣ್ಣ. ಆಮೇಲೆ ನೋಡುವಂತೆ."

ಉಪನ್ಯಾಸ ಮುಗಿದು ಆಯ್ಕೆ ಸಮಿತಿಯವರು ಲ್ಯಾಬು ನೋಡಲು ಬಂದರು. ಹೊರಗಿನ ವಿಶ್ವವಿದ್ಯಾಲಯದಿಂದ ಬಂದಿದ್ದ ಹಿರಿಯ ಶಿಯಾವ್ ಮೇಡಂ ಪೆಯ್-ರುವಿನ ಮೇಜಿನೆದುರು ನಿಂತರು.

"ಇದೇನಮ್ಮ, ಜೋಡಿ ಒಲೆ?"

"ಅಣ್ಣನ ಕ್ರಿಯೆ, ಮೇಡಂ. ಎರಡಕ್ಕೂ ಒಂದೇ ಸಾಮಾನು, ಒಂದೇ ಬಿಸಿ. ಇದರಲ್ಲಿರೋದು ಹೊಸ ಮ್ಯಾಗ್ನೆಟ್ಟು. ಅದರಲ್ಲಿರೋದು ಅಣ್ಣ ಕೆಲಸ ಮಾಡ್ತಿದ್ದ ಮ್ಯಾಗ್ನೆಟ್ಟು."

"ಈ ಹುಡುಗಿ ಕೈಗುಣ ಸ್ವಲ್ಪ..." ಎಂದು ಕೋ ಮೇಷ್ಟ್ರು ನಗಲು ನೋಡಿದರು.

"ನನ್ನ ಕೈ ಚೆನ್ನಾಗಿದೆ ಮೇಷ್ಟ್ರೇ. ಯಾ-ಚಿನ್ ಕೈನೂ ಚೆನ್ನಾಗಿತ್ತು. ಅದು ನಿಮಗೆ ಗೊತ್ತಿತ್ತು."

ತ್ಸೆ-ಹುಂಗ್ ಬಗ್ಗಿ ಎರಡೂ ಫ್ಲಾಸ್ಕುಗಳೊಳಗೆ ನೋಡಿದ. ನಗು ಮುಖದಲ್ಲೇ ಒಣಗಿತು. "ಮೇಷ್ಟ್ರೇ... ಗೊತ್ತಿತ್ತಾ?" ಎಂದ, ಬಹಳ ಸಣ್ಣ ದನಿಯಲ್ಲಿ.

ಮೇಷ್ಟ್ರ ಕೈ ಒಲೆಯ ಸ್ವಿಚ್ಚಿನ ಕಡೆ ಚಾಚಿತು.

"ಇರಲಿ ಬಿಡಿ, ಕೋ ಅವರೇ," ಎಂದು ಶಿಯಾವ್ ಮೇಡಂ ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. ಕನ್ನಡಕ ಒರೆಸಿ ಹಾಕಿಕೊಂಡರು. "ನನಗೇನೂ ಅವಸರವಿಲ್ಲ."

ಅಣ್ಣನ ಮ್ಯಾಗ್ನೆಟ್ಟಿದ್ದ ಫ್ಲಾಸ್ಕು ಜೇನಾಗಿತ್ತು, ಇನ್ನೊಂದು ನೀರಾಗಿಯೇ ತಿರುಗುತ್ತಿತ್ತು. ಮೇಲೆ ಯಂತ್ರದ ನೆತ್ತಿಯಲ್ಲಿ, ಹಸಿರು ಪೊಟ್ಟಣದ ಪಕ್ಕ, ದಪ್ಪಗೆ ಕೂತ ಧೂಳಿನ ನಡುವೆ ಕಡಲೆಕಾಯಿಯಷ್ಟು ಉದ್ದದ ಜಾಗವೊಂದು ಶುಭ್ರವಾಗಿ ಹೊಳೆಯುತ್ತಿತ್ತು.