ಕೊನೆಯ ಪುಟಗಳ ನಾಯಿ

ಬುಧವಾರ ಸಂಜೆ ಐದಕ್ಕೆ ಓದುಮನೆಯ ಮಹಡಿಯ ಕೋಣೆಯಲ್ಲಿ ಆರು ಜನ ಸೇರುತ್ತಿದ್ದರು. ಒಬ್ಬೊಬ್ಬರೂ ಆ ವಾರ ತಾವು ಓದುತ್ತಿರುವ ಪುಸ್ತಕವನ್ನು ಮೇಜಿನ ಮೇಲಿಟ್ಟು ಅದರ ಬಗ್ಗೆ ಹೇಳಬೇಕು. ಕೇಳಿದವರಿಗೆ ಓದಬೇಕೆನಿಸಿದರೆ ತಮ್ಮ ಓದುಗರ ಕಾರ್ಡನ್ನು ಆ ಪುಸ್ತಕದೊಳಗೆ ಸಿಕ್ಕಿಸಬೇಕು. ಸಿಕ್ಕಿಸಿದ ಸರದಿಯಲ್ಲೇ ಪುಸ್ತಕ ವಾರಕ್ಕೊಬ್ಬರ ಮನೆಗೆ ಹೋಗುತ್ತದೆ. ನಿಯಮ ಒಂದೇ. ಕೊನೆ ಹೇಳಬಾರದು.

ನೆದ್ಯಾಲ್ಕಾ ಈ ಕೂಟಕ್ಕೆ ಒಂಬತ್ತು ವರ್ಷದಿಂದ ಬರುತ್ತಿದ್ದಳು. ಡಾನ್ಯೂಬ್ ದಡದ ಲೋಮ್ ಊರಿನ ಅಂಗಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾಲರ್ ಹೊಲಿದವಳು. ಹೈಸ್ಕೂಲು ಮುಗಿಸಿದ್ದು ಸಂಜೆ ತರಗತಿಯಲ್ಲಿ, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ. ಅದಕ್ಕೋ ಏನೋ, ಒಂದು ಪುಟ ಬಿಟ್ಟರೂ ಯಾರೋ ತನ್ನನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆಂಬ ಅಂಜಿಕೆ ಅವಳಿಗೆ ಈಗಲೂ ಇತ್ತು. ಮುನ್ನುಡಿ, ಅಡಿಟಿಪ್ಪಣಿ, ಮುದ್ರಕರ ವಿಳಾಸ ಯಾವುದನ್ನೂ ಬಿಡುತ್ತಿರಲಿಲ್ಲ. ಕೂಟದಲ್ಲಿ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ತರುತ್ತಿದ್ದಳು.

ಈ ವರ್ಷ ನವೆಂಬರ್ ಒಂದರಂದು, ನಾಡಿಗೆ ಓದುಬರಹ ಕಲಿಸಿದವರನ್ನು ನೆನೆಯುವ ಹಬ್ಬದ ದಿನ, ಕೆಳಗಿನ ದೊಡ್ಡ ಸಭಾಂಗಣದಲ್ಲಿ ಮಾತಾಡುವ ಸರದಿ ಅವಳದ್ದಾಗಬೇಕಿತ್ತು. ಪ್ರತಿ ವರ್ಷ ಕೂಟದವರಲ್ಲಿ ಒಬ್ಬರು ವೇದಿಕೆ ಹತ್ತಿ, ಇನ್ನೂರು ಜನರ ಮುಂದೆ ತಮಗೆ ಇಷ್ಟವಾದ ಒಂದು ಪುಸ್ತಕದ ಬಗ್ಗೆ ಹೇಳುವುದು ವಾಡಿಕೆ. ರೈಲ್ವೆಯಿಂದ ನಿವೃತ್ತನಾದ ಮಿಂಚೋ ಎರಡು ಸಲ ಹತ್ತಿದ್ದ. ಹೂವಿನಂಗಡಿಯ ಅಕ್ಕತಂಗಿಯರು ಜೊತೆಯಾಗಿ ಒಮ್ಮೆ. "ಈ ಸಲ ನಿಮ್ದೇ ಅಕ್ಕ," ಎಂದು ಗ್ರಂಥಪಾಲಕಿ ವೆನೆತಾ ಮಾರ್ಚ್‌ನಲ್ಲೇ ಹೇಳಿದ್ದಳು. ನೆದ್ಯಾಲ್ಕಾ ಕಡುನೀಲಿ ಬಟ್ಟೆ ತಂದು ರವಿಕೆಯೊಂದನ್ನು ಹೊಲಿದಿಟ್ಟಿದ್ದಳು. ಕಾಲರನ್ನು ಮೂರು ಸಲ ಬಿಚ್ಚಿ ಹೊಲಿದಿದ್ದಳು.

ಜೂನ್‌ನಲ್ಲಿ ಸೆವ್ದಾ ಬಂದಳು.

ಸೆವ್ದಾ ಔಷಧದಂಗಡಿ ನಡೆಸಿ ನಿವೃತ್ತಳಾದವಳು. ಬೇರೆ ಊರಿನಿಂದ ಬಂದು ನದಿ ಬದಿಯ ಬೀದಿಯಲ್ಲಿ ಮನೆ ಹಿಡಿದಿದ್ದಳು. ಅವಳ ಕೈಯಲ್ಲಿ ಚೀಟಿ ಇರುತ್ತಿರಲಿಲ್ಲ. ಪುಸ್ತಕವನ್ನು ತೆರೆಯುತ್ತಲೂ ಇರಲಿಲ್ಲ. ಅಂಗೈಯನ್ನು ಅದರ ಮೇಲಿಟ್ಟು, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಶುರುಮಾಡುತ್ತಿದ್ದಳು. ಮುಗಿಯುವಷ್ಟರಲ್ಲಿ ಮಿಂಚೋನ ಚಹಾ ಆರಿಹೋಗಿರುತ್ತಿತ್ತು. ಅವಳ ಪುಸ್ತಕದಿಂದ ಕಾರ್ಡುಗಳು ಕೋಳಿಯ ಬಾಲದ ಹಾಗೆ ಎದ್ದು ನಿಲ್ಲುತ್ತಿದ್ದವು. ನೆದ್ಯಾಲ್ಕಾಳ ಪುಸ್ತಕದಲ್ಲಿ ಒಂದು ಕಾರ್ಡು. ಅದು ವೆನೆತಾಳದ್ದು, ಕರುಣೆಯಿಂದ ಹಾಕಿದ್ದು. ಬರಬರುತ್ತ ಅದೂ ನಿಂತಿತು.

ಹೊಟ್ಟೆಕಿಚ್ಚು ಎಂಬ ಪದವನ್ನು ನೆದ್ಯಾಲ್ಕಾ ತನಗೆ ತಾನೇ ಹೇಳಿಕೊಳ್ಳಲಿಲ್ಲ. ಸೆವ್ದಾಳ ಬಳೆ ಸದ್ದು ಜಾಸ್ತಿ ಅಂದುಕೊಂಡಳು. ಸೆವ್ದಾ ತರುವ ಕುಂಬಳಕಾಯಿ ತುಂಬಿದ ಬಾನಿತ್ಸಾ ಎಂಬ ಪದರದ ಕಡುಬಿನಲ್ಲಿ ಸಕ್ಕರೆ ಜಾಸ್ತಿ ಅಂದುಕೊಂಡಳು, ಆದರೂ ಎರಡು ತುಂಡು ತಿಂದಳು.

ಸೆಪ್ಟೆಂಬರ್‌ನಲ್ಲಿ ಸೆವ್ದಾ ಹಸಿರು ಹೊದಿಕೆಯ ಕಾದಂಬರಿಯೊಂದನ್ನು ತಂದಳು. ಡಾನ್ಯೂಬ್ ನದಿಯಲ್ಲಿ ಉಪ್ಪು ಸಾಗಿಸುವವರ ಕತೆ.

"ಅದ್ರಲ್ಲೊಬ್ಬ ದೋಣಿಯವ್ನು ಇದಾನೆ," ಎಂದಳು ಸೆವ್ದಾ. "ಮಂಜು ಬಿದ್ರೆ ದಡ ಕಾಣಲ್ಲ ನೋಡಿ. ನೀರಿನ ಮಧ್ಯದಿಂದ ಒಂದು ಕೂಗು ಹಾಕ್ತಾನೆ. ದಡದಲ್ಲಿ ಅವನ ನಾಯಿ ಬೊಗಳತ್ತೆ. ಆ ಸದ್ದಿನ ಕಡೆ ಹುಟ್ಟು ಹಾಕ್ತಾನೆ. ಹೆಂಡ್ತಿ ಅವನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಒಂದಿನ ನಾಯಿ ಸತ್ತುಹೋಗತ್ತೆ. ಅವನಿಗೆ ಗೊತ್ತಿಲ್ಲ, ನದಿಯಲ್ಲಿದಾನೆ. ಮಂಜು ಬೀಳತ್ತೆ. ಕೂಗ್ತಾನೆ. ಉತ್ತರ ಇಲ್ಲ. ಮತ್ತೆ ಕೂಗ್ತಾನೆ. ಆಗ ಹೆಂಡ್ತಿ ಮನೆಯಿಂದ ಇಳಿದು ದಡಕ್ಕೆ ಬಂದು..." ಸೆವ್ದಾ ಪುಸ್ತಕದ ಮೇಲಿನ ಅಂಗೈ ಎತ್ತಿದಳು. "ಬೊಗಳ್ತಾಳೆ."

ಯಾರೂ ಮಾತಾಡಲಿಲ್ಲ.

"ಅವನು ದಡ ಮುಟ್ಟಿದ್ನಾ?" ಎಂದ ಮಿಂಚೋ.

"ಕೊನೆ ಹೇಳೋ ಹಾಗಿಲ್ವಲ್ಲ ಮಾರಾಯ."

ನಾಲ್ಕು ಕಾರ್ಡುಗಳು ಒಳಹೊಕ್ಕವು. ಐದನೆಯದು ನೆದ್ಯಾಲ್ಕಾಳದ್ದು. ಒಂಬತ್ತು ವರ್ಷದಲ್ಲಿ ತಾನು ಹೇಳಿದ ಯಾವುದಾದರೂ ಮಾತಿಗೆ ಈ ಕೋಣೆ ಹೀಗೆ ಮೌನವಾಗಿತ್ತೇ?

ಪುಸ್ತಕ ಮಿಂಚೋನ ಮನೆಗೆ ಹೋಗಿ ಬಂತು. "ಅದ್ಭುತ," ಎಂದ. ಅಕ್ಕತಂಗಿಯರ ಕೈ ದಾಟಿತು. "ಅತ್ತುಬಿಟ್ವಿ," ಎಂದರು. ವೆನೆತಾ ಕಣ್ಣು ಮುಚ್ಚಿ ಎದೆ ಮೇಲೆ ಕೈಯಿಟ್ಟುಕೊಂಡಳು. ಅಕ್ಟೋಬರ್ ಮಧ್ಯದಲ್ಲಿ ಅದು ನೆದ್ಯಾಲ್ಕಾಳ ಅಡುಗೆಮನೆಯ ಮೇಜಿಗೆ ಬಂತು.

ಮುನ್ನೂರ ಹದಿನೆಂಟು ಪುಟ. ನೆದ್ಯಾಲ್ಕಾ ಪ್ರತಿ ಪುಟದಲ್ಲೂ ಬೊಗಳುವಿಕೆಗೆ ಕಾದಳು. ನೂರನೇ ಪುಟದ ನಂತರ ಕತೆ ಉಪ್ಪಿನ ಸುಂಕದ ಕಡೆ ಹೊರಳಿತು. ಇನ್ನೂರಕ್ಕೆ ಒಬ್ಬ ಪಾದ್ರಿ ಬಂದು ಬಹಳ ಹೊತ್ತು ಕೂತ. ಮಂಜು ಎರಡು ಸಲ ಬಿತ್ತು, ಸುಮ್ಮನೆ ಕರಗಿತು. ಕೊನೆಯ ಪುಟ ಮುಗಿಸಿ ಹಿಂದಿನ ರಟ್ಟನ್ನು ನೋಡಿದಳು. ದೋಣಿಯವನು ಇದ್ದ, ಅವನಿಗೆ ಮದುವೆಯೇ ಆಗಿರಲಿಲ್ಲ. ಇಡೀ ಪುಸ್ತಕದಲ್ಲಿ ನಾಯಿ ಇರಲಿಲ್ಲ. ಒಂದು ಮೇಕೆ ಇತ್ತು.

ತನ್ನದೇ ತಪ್ಪಿರಬೇಕು ಎನಿಸಿತು ಮೊದಲು. ಪುಟಗಳು ಅಂಟಿಕೊಂಡಿರಬಹುದೆಂದು ಒಂದೊಂದನ್ನೂ ಬೆರಳಿನಿಂದ ಬಿಡಿಸಿ ಸಂಖ್ಯೆ ನೋಡಿದಳು. ಎಲ್ಲವೂ ಇದ್ದವು. ಎರಡನೇ ಸಲ ಓದಿದಳು. ಆಮೇಲೆ ನಿಧಾನವಾಗಿ, ನಾಚಿಕೆಯಾಗುವಷ್ಟು ಖುಷಿಯಾಯಿತು. ಕಳ್ಳಿ ಸಿಕ್ಕಿಬಿದ್ದಳು.

ಆದರೆ ಖುಷಿಯ ಕೆಳಗೆ ಇನ್ನೊಂದು ಕುಟುಕುತ್ತಿತ್ತು. ಇಲ್ಲದ ಆ ದೃಶ್ಯದ ಮುಂದೆ ಇರುವ ಪುಸ್ತಕ ಸಪ್ಪೆಯಾಗಿತ್ತು. ಚೆನ್ನಾಗಿ ಹೇಳುವುದಷ್ಟೇ ಅಲ್ಲ, ಹಾಗಾದರೆ ಸೆವ್ದಾಳಿಗೆ ಕತೆ ಕಟ್ಟುವುದೂ ಬರುತ್ತದೆ.

ಅಕ್ಟೋಬರ್‌ನ ಕೊನೆಯ ಬುಧವಾರ ನೆದ್ಯಾಲ್ಕಾ ನೀಲಿ ರವಿಕೆ ತೊಟ್ಟು ಹೋದಳು. ಹಬ್ಬಕ್ಕೆ ಯಾರು ಮಾತಾಡುವುದೆಂದು ಅಂದೇ ಗೊತ್ತುಮಾಡಬೇಕಿತ್ತು. ತನ್ನ ಸರದಿ ಬಂದಾಗ ಎರಡು ಪುಸ್ತಕ ಮೇಜಿನ ಮೇಲಿಟ್ಟಳು. ಒಂದು ತನ್ನದು, ಗಡಿಯಾರ ರಿಪೇರಿಯವನ ಮಗಳ ಕತೆ. ಇನ್ನೊಂದು ಆ ಹಸಿರು ಹೊದಿಕೆಯದು.

"ನನ್ನದರ ಬಗ್ಗೆ ಆಮೇಲೆ ಹೇಳ್ತೀನಿ," ಎಂದಳು. "ಮೊದ್ಲು ಇದು. ಇದ್ರಲ್ಲಿ ನಾಯಿ ಇಲ್ಲ."

"ಏನಿಲ್ಲ?" ಎಂದ ಮಿಂಚೋ.

"ನಾಯಿ. ಬೊಗಳೋ ಹೆಂಡ್ತಿನೂ ಇಲ್ಲ. ಎರಡು ಸಲ ಓದಿದೀನಿ."

ಸೆವ್ದಾಳ ಬಳೆಗಳು ಸುಮ್ಮನಾದವು. ಅವಳ ಮುಖದ ಬಣ್ಣ ಇಳಿಯುವುದನ್ನು ನೆದ್ಯಾಲ್ಕಾ ಕಣ್ಣಾರೆ ಕಂಡಳು, ಆ ಕ್ಷಣಕ್ಕಾಗಿ ವಾರವಿಡೀ ಕಾದದ್ದು ಸಾರ್ಥಕವೆನಿಸಿತು. ಆಗ ಮಿಂಚೋ ಗಟ್ಟಿಯಾಗಿ ನಕ್ಕ.

"ಇಲ್ದೆ ಏನಮ್ಮ? ನಾನೇ ಓದಿದೀನಲ್ಲ. ಕೊನೇಲಿ ಬರತ್ತೆ. ನಾಯಿ ಹೆಸರು ಶಾರೋ."

"ಶಾರೋನೇ," ಎಂದಳು ತಂಗಿ.

"ಕಂದುಬಣ್ಣದ್ದು," ಎಂದಳು ಅಕ್ಕ. "ಅದು ಸಾಯೋ ಜಾಗದಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಎದ್ದೋದೆ."

ನೆದ್ಯಾಲ್ಕಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಅವಳತ್ತ ನೋಡಲಿಲ್ಲ. ಎಲ್ಲರ ಕಣ್ಣೂ ಚಹಾದ ಲೋಟದೊಳಗಿತ್ತು. ಅವಳಿಗೆ ಅರ್ಥವಾಯಿತು. ಇವರಲ್ಲಿ ಯಾರೊಬ್ಬರೂ ಓದಿಲ್ಲ. ಕೊನೆ ಹೇಳಬಾರದೆಂಬ ನಿಯಮದ ನೆರಳಿನಲ್ಲಿ ಎಷ್ಟು ವರ್ಷದಿಂದ ಓದಿಲ್ಲವೋ.

"ಯಾವ ಪುಟದಲ್ಲಿದೆ, ತೋರಿಸಿ," ಎಂದು ಪುಸ್ತಕವನ್ನು ಮಿಂಚೋನ ಕಡೆ ತಳ್ಳಿದಳು.

"ಪುಟದ ನಂಬರ್ ನೆನಪಿಟ್ಕೊಂಡು ಓದೋಕೆ ಇದೇನು ಸಂಜೆ ಸ್ಕೂಲಾ, ನೆದ್ಯಾಲ್ಕಾ? ಅಲ್ಲಿ ಇಲ್ಲಿ ಹಾರಿಸಿ ಓದಿರ್ತೀಯ. ಎಲ್ರಿಗೂ ಆಗತ್ತೆ, ಬಿಡು."

ಹಾರಿಸಿ ಓದಿರುತ್ತೀಯ. ಮುದ್ರಕರ ವಿಳಾಸವನ್ನೂ ಓದುವ ನೆದ್ಯಾಲ್ಕಾಳಿಗೆ ಈ ಮಾತು. ಅವಳ ಕಿವಿ ಕೆಂಪೇರಿತು.

"ಅಕ್ಕ, ಜಗಳ ಬೇಡ," ಎಂದಳು ವೆನೆತಾ ಮೆಲ್ಲಗೆ, ಅವಳೂ ಲೋಟದೊಳಗೇ ನೋಡುತ್ತ. "ಹಬ್ಬಕ್ಕೆ ಸೆವ್ದಾ ಅವ್ರೇ ಹೇಳ್ಲಿ ಅಂತ ಎಲ್ರೂ ಅಂತಿದಾರೆ. ಆ ದೋಣಿಯವನದ್ದು. ಜನಕ್ಕೆ ಇಷ್ಟ ಆಗತ್ತೆ. ನಿಮ್ಗೆ ಮುಂದಿನ ವರ್ಷ." ಫಲಕದ ಮೇಲಿನ ಕಾಗದದಲ್ಲಿ ಸೆವ್ದಾಳ ಹೆಸರು ಬರೆದಳು.

ನೆದ್ಯಾಲ್ಕಾ ತನ್ನ ಪುಸ್ತಕದ ಬಗ್ಗೆ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಕೆಳಗೆ ಬಾಗಿಲ ಬಳಿ ಕೋಟಿನ ಗುಂಡಿ ಹಾಕುತ್ತಿದ್ದಾಗ ಹಿಂದಿನಿಂದ ಬಳೆ ಸದ್ದು ಬಂತು.

"ನೂರಾ ನಾಲ್ಕನೇ ಪುಟದವರೆಗೆ ಓದಿದ್ದೆ," ಎಂದಳು ಸೆವ್ದಾ. "ಸುಂಕದ ವಿಷಯ ಶುರುವಾಯ್ತಲ್ಲ, ಮುಂದೆ ಹೋಗ್ಲಿಲ್ಲ. ಬುಧವಾರ ಬಂದುಬಿಡ್ತು. ಬರಿಗೈಲಿ ಬರೋಕೆ ಮನಸ್ಸಾಗ್ಲಿಲ್ಲ."

"ಪಾದ್ರಿ ಹತ್ರನೂ ಬಂದಿಲ್ಲ ಹಾಗಾದ್ರೆ."

"ಪಾದ್ರಿ ಬೇರೆ ಇದಾನಾ?"

"ಅರವತ್ತು ಪುಟ ಇದಾನೆ."

ಸೆವ್ದಾ ನಗಲು ಹೋಗಿ ತಡೆದುಕೊಂಡಳು. "ಮೇಲೆ ಹೋಗಿ ನಿಜ ಹೇಳಿಬಿಡ್ತೀನಿ."

"ಹೇಳಿ. ನಿಮ್ಮನ್ನೂ ನಂಬಲ್ಲ. ನಾಯಿಗೆ ಹೆಸರಿಟ್ಟಾಯ್ತು."

"ನಮ್ಮ ನಾಯಿ ಹೆಸರು ಶಾರೋ ಅಲ್ಲ," ಎಂದಳು ಸೆವ್ದಾ. "ಮುರ್ಜೋ. ಬೊಗಳಿದ್ದು ನಮ್ಮಮ್ಮ. ಮಾತು ಬಿಟ್ಟಿದ್ದು ನಾಲ್ಕು ವರ್ಷ, ಹನ್ನೊಂದು ಅಂತ ನಾನು ಸೇರಿಸ್ದೆ. ಅಪ್ಪ ದಡಕ್ಕೆ ಬಂದು ದೋಣಿ ಕಟ್ಟಿ, 'ನಾಯಿಗೆ ಗಂಟಲು ಕಟ್ಟಿದೆ' ಅಂದ್ರಂತೆ. ಅಷ್ಟೇ."

ನೆದ್ಯಾಲ್ಕಾ ಕೋಟಿನ ಕೊನೆಯ ಗುಂಡಿ ಹಾಕಿದಳು. ಆ ಕತೆ ಕದ್ದದ್ದಾಗಿದ್ದರೆ ಮನಸ್ಸಿನಿಂದ ಬಿಟ್ಟುಬಿಡಬಹುದಿತ್ತು. ಕಟ್ಟಿದ್ದಾಗಿದ್ದರೂ ಆಗುತ್ತಿತ್ತು. ಇವಳಿಗೆ ಅಂಥ ತಾಯಿಯೇ ಇದ್ದಳು. ತನ್ನ ತಾಯಿ ತಂದೆಯ ಜೊತೆ ಮಾತು ಬಿಡಲೂ ಇಲ್ಲ, ಆಡಲೂ ಇಲ್ಲ, ಸೂಪು ಬಡಿಸುತ್ತಿದ್ದಳು.

"ಹಬ್ಬದ ದಿನ ಅದನ್ನ ಅಮ್ಮನ ಕತೆ ಅಂತ ಹೇಳಿ," ಎಂದಳು ಕೊನೆಗೆ. "ಪುಸ್ತಕದ ತಲೆಗೆ ಕಟ್ಟಿದ್ರೆ ಮುಂದಿನ ಸಾಲಲ್ಲಿ ಕೂತಿರ್ತೀನಿ, ಎದ್ದು ನಿಲ್ತೀನಿ. ಬರ್ದವನಿಗೆ ಅನ್ಯಾಯ. ಮೇಕೆ ಬಗ್ಗೆ ಪಾಪ ಚೆನ್ನಾಗೇ ಬರ್ದಿದಾನೆ."

"ಆಯ್ತು." ಸೆವ್ದಾ ನೆದ್ಯಾಲ್ಕಾಳ ಕಂಕುಳಲ್ಲಿದ್ದ ಪುಸ್ತಕವನ್ನು ನೋಡಿದಳು. "ಅಲ್ಲಿ ಓದೋರು ನೀವೊಬ್ರೇ. ಅದ್ರಲ್ಲೇನಿದೆ?"

ನೆದ್ಯಾಲ್ಕಾ ಚೀಟಿಗಾಗಿ ಜೇಬಿಗೆ ಕೈ ಹಾಕಿದಳು. ಅದು ಮೇಲೆ ಮೇಜಿನ ಮೇಲೇ ಉಳಿದಿತ್ತು. "ಗಡಿಯಾರ ರಿಪೇರಿ ಮಾಡೋನು ಸಾಯ್ತಾನೆ," ಎಂದಳು. "ಜನ ತಮ್ತಮ್ಮ ಗಡಿಯಾರ ಕೇಳ್ಕೊಂಡು ಬರ್ತಾರೆ. ಯಾವುದು ಯಾರ್ದು ಅಂತ ಮಗಳಿಗೆ ಗೊತ್ತಿಲ್ಲ. ನೂರ ನಲವತ್ಮೂರನೇ ಪುಟದಲ್ಲಿ ಅವ್ಳು..." ಅಲ್ಲಿಗೆ ನಿಲ್ಲಿಸಿದಳು. "ಅದನ್ನ ಹೇಳಲ್ಲ."

ಸೆವ್ದಾ ಕೈಚೀಲದಿಂದ ಕಾರ್ಡು ತೆಗೆದು ಪುಸ್ತಕದೊಳಗೆ ಸಿಕ್ಕಿಸಿದಳು. ಆಗಸ್ಟ್ ತಿಂಗಳಿಂದೀಚೆಗೆ ನೆದ್ಯಾಲ್ಕಾಳ ಪುಸ್ತಕಕ್ಕೆ ಬಿದ್ದ ಮೊದಲ ಕಾರ್ಡು.

"ಪೂರ್ತಿ ಓದ್ಬೇಕು. ಪ್ರಶ್ನೆ ಕೇಳ್ತೀನಿ."

"ಕೇಳಿ."

ಪುಸ್ತಕವನ್ನು ಕೊಡಲು ನೆದ್ಯಾಲ್ಕಾ ಕೈ ಚಾಚಿದಳು, ಆದರೆ ಬೆರಳು ಸಡಿಲಿಸಲಿಲ್ಲ. ಸೆವ್ದಾ ಎರಡು ಸಲ ಎಳೆಯಬೇಕಾಯಿತು. ನಾಳೆಯೋ ನಾಡಿದ್ದೋ ಅವಳು ಕಿಟಕಿ ಪಕ್ಕ ಕೂತು ನೂರ ನಲವತ್ತಮೂರನೇ ಪುಟ ತಿರುವುತ್ತಾಳೆ. ಮುಂದೆ ಏನಿದೆಯೆಂದು ಅವಳಿಗೆ ಗೊತ್ತಿರುವುದಿಲ್ಲ. ಆ ಪುಟವನ್ನು ಮೊದಲ ಸಲ ಓದುವ ಭಾಗ್ಯ ನೆದ್ಯಾಲ್ಕಾಳಿಗೆ ಇನ್ನೆಂದೂ ಇಲ್ಲ, ಸೆವ್ದಾಳಿಗಿದೆ.

ನದಿಯ ಬೀದಿಯತ್ತ ನಡೆದುಹೋಗುತ್ತಿದ್ದ ಅವಳ ಬೆನ್ನನ್ನು ನೆದ್ಯಾಲ್ಕಾ ಹೊಟ್ಟೆ ಉರಿದುಕೊಂಡೇ ನೋಡಿದಳು.