ಬೆವರದ ಐಸ್‌ಪ್ಯಾಕ್

ನಮ್ಮ ಲಸಿಕೆ ಉಗ್ರಾಣಕ್ಕೆ ಫ್ರಿಜ್ಜಿನಿಂದ ಹಿಡಿದು ಸೂಜಿಯವರೆಗೆ ಎಲ್ಲ ಕೊಡುವುದು ಒಂದು ದತ್ತಿ ಸಂಸ್ಥೆ. ಹತ್ತಾರು ದೇಶಗಳಲ್ಲಿ ಮಕ್ಕಳ ಕಾಯಿಲೆ ಓಡಿಸಲು ಅದು ದುಡಿಯುತ್ತಿದೆ. ಹೊರದೇಶದಲ್ಲಿ ನಡೆಯುವ ಅದರ ದೊಡ್ಡ ಸಭೆಯಲ್ಲಿ ಮಾತಾಡಲು ನಮ್ಮಿಂದ ಒಬ್ಬರನ್ನು ಕರೆದರು. ಆರಿಸಿದ್ದು ನನ್ನ ತಂಗಿಯನ್ನು.

ಹದಿನೆಂಟು ವರ್ಷದಿಂದ ಉಗ್ರಾಣ ಕಾದವಳು ನಾನು. ಅವಳನ್ನು ಕೈಹಿಡಿದು ಈ ಕೆಲಸಕ್ಕೆ ತಂದವಳೂ ನಾನೇ. ಅವಳು ಲಸಿಕೆ ಪೆಟ್ಟಿಗೆ ಹೆಗಲಿಗೇರಿಸಿ ಮನೆಮನೆಗೆ ಹೋಗುತ್ತಾಳೆ, ನಗುತ್ತಾಳೆ, ಫೋಟೋದಲ್ಲಿ ಬರುತ್ತಾಳೆ. ಫ್ರಿಜ್ಜಿನ ಪಕ್ಕ ನಿಂತವಳ ಫೋಟೋ ಯಾರಿಗೆ ಬೇಕು? ನನಗೆ ಹೊಟ್ಟೆ ಉರಿಯಿತು.

ಸಂಸ್ಥೆಯವರು ಅವಳ ಕೆಲಸ ನೋಡಲು ಬರುವ ದಿನ ಪೆಟ್ಟಿಗೆ ಸಿದ್ಧಮಾಡಿದವಳು ನಾನು. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರವಾಗಿ ಇಡುವಂತಿಲ್ಲ. ಮೇಜಿನ ಮೇಲೆ ಅರ್ಧ ಗಂಟೆ ಬೆವರಬೇಕು, ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಎನ್ನಬೇಕು. ಇಲ್ಲದಿದ್ದರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಚುಚ್ಚಿಯೂ ಪ್ರಯೋಜನವಿಲ್ಲ. ನಾನು ಕಲ್ಲಿನಂಥ ನಾಲ್ಕು ಪ್ಯಾಕುಗಳನ್ನು ಹಾಗೇ ತುರುಕಿದೆ. ಮರೆತು ಅಲ್ಲ. ಬಂದವರು ಪೆಟ್ಟಿಗೆ ತೆರೆಸಿ ನೋಡುವುದು ವಾಡಿಕೆ. ನೋಡಲಿ, ಇವಳ ಮುಖ ಸಣ್ಣದಾಗಲಿ ಎಂದುಕೊಂಡೆ. ಮಕ್ಕಳ ನೆನಪೇ ಬರಲಿಲ್ಲ.

ತಂಗಿ ಬಂದಳು. "ಏನಕ್ಕಾ, ಮುಖ ಗಂಟು ಹಾಕ್ಕೊಂಡಿದ್ದೀಯ? ಅಲ್ಲಿಂದ ನಿಂಗೇನು ತರ್ಲಿ?"

"ನಂಗೇನೂ ಬೇಡಮ್ಮ. ನಿಂಗೇ ಒಂದು ಕನ್ನಡಿ ತಂದ್ಕೋ. ದಿನಾ ನಿನ್ನ ಮುಖ ನೋಡ್ಕೊಂಡು ಕೂತಿರು."

ನಕ್ಕಳು. ಲಸಿಕೆಯ ಸೀಸೆಗಳನ್ನು ಇಡುವ ಮುಂಚೆ ಒಂದು ಪ್ಯಾಕ್ ತೆಗೆದು ಕಿವಿಯ ಬಳಿ ಅಲ್ಲಾಡಿಸಿದಳು. ಸದ್ದಿಲ್ಲ. ಇನ್ನೊಂದು. ಸದ್ದಿಲ್ಲ. ನನ್ನನ್ನೇ ನೋಡಿದಳು. ನಾನು ಫ್ರಿಜ್ಜಿನ ಬಾಗಿಲು ಒರೆಸತೊಡಗಿದೆ.

ಅಷ್ಟರಲ್ಲಿ ಡಾಕ್ಟರು ಸಂಸ್ಥೆಯವರನ್ನು ಕರೆದುಕೊಂಡು ಒಳಗೆ ಬಂದರು. "ಇನ್ನೂ ಹೊರಟಿಲ್ವೇನಮ್ಮ?"

ಈಗ ಹೇಳುತ್ತಾಳೆ ಎಂದುಕೊಂಡೆ.

"ಪ್ಯಾಕ್ ಇನ್ನೂ ಬೆವರಿಲ್ಲ ಸಾರ್," ಎಂದಳು. "ಸದ್ದು ಕೇಳ್ದೆ ಪೆಟ್ಟಿಗೆ ಮುಚ್ಚಬಾರ್ದು ಅಂತ ನಮ್ಮಕ್ಕ ಕಲ್ಸಿದ್ದಾಳೆ."

ಬಂದವರು ಅದನ್ನು ಬರೆದುಕೊಂಡರು. ನನ್ನ ಕೈಕುಲುಕಿ, ಫ್ರಿಜ್ಜಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ತಂಗಿ ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಸಭೆಗೆ ಹೋಗುವುದೂ ಅವಳೇ, ಒಳ್ಳೆಯವಳೂ ಅವಳೇ. ನನಗೆ ಏನನ್ನೂ ಉಳಿಸಲಿಲ್ಲ.

ಅರ್ಧ ಗಂಟೆಯ ನಂತರ ನಾಲ್ಕೂ ಪ್ಯಾಕುಗಳನ್ನು ನಾನೇ ಒಂದೊಂದಾಗಿ ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಪೆಟ್ಟಿಗೆ ಮುಚ್ಚಿ ಅವಳ ಹೆಗಲಿಗೇರಿಸಿದೆ. ಹೊಟ್ಟೆಯುರಿ ಇಳಿಯಿತೇ ಎಂದು ಕೇಳಬೇಡಿ. ದುಪ್ಪಟ್ಟಾಗಿತ್ತು.